ಬಾಗಿಲಿನ ಬೀಡಿಂಗ್ ಹೊಡೆಯಲು ಯಾವ ನೈಲ್ ಗನ್? ಎಫ್30 ಸಾಕಾಗುತ್ತಾ?

ತೀರ್ಥಹಳ್ಳಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳೆಯ ಮನೆ. ಜಂಬಿಟ್ಟಿಗೆ ಗೋಡೆ, ಮೇಲೆ ಗಾರೆ. ದಾರಂದಗಳೆಲ್ಲ, ಅಂದರೆ ಬಾಗಿಲಿನ ಚೌಕಟ್ಟುಗಳೆಲ್ಲ, ಕಿರಾಲುಬೋಗಿ ಅನ್ನುವ ಗಟ್ಟಿ ಮರದ್ದು. ಅಜ್ಜನ ಕಾಲದಲ್ಲಿ ಹಾಕಿಸಿದ್ದು. ದಾರಂದ ಮತ್ತು ಗೋಡೆಯ ನಡುವಿನ ಸಂದು ಮುಚ್ಚಲು ಸುತ್ತ ಬೀಡಿಂಗ್ ಪಟ್ಟಿ ಇತ್ತು. ಅದು ಗೆದ್ದಲು ತಿಂದು ಹಾಳಾಗಿದೆ. ಈ ಬೇಸಿಗೆ ರಜೆಯಲ್ಲಿ ನಾನೇ ಹೊಸದು ಹಾಕಬೇಕು ಅಂತ ಕೂತಿದ್ದೇನೆ.

ಕೆಲಸ ಇಷ್ಟಿದೆ. ಐದು ಬಾಗಿಲಿಗೆ 12 ಮಿ.ಮೀ. ದಪ್ಪ, ಎರಡು ಇಂಚು ಅಗಲದ ಸಾಗುವಾನಿ ಪಟ್ಟಿ. ಮಗಳ ಕೋಣೆಯ ವಾರ್ಡ್‌ರೋಬಿಗೆ, 19 ಮಿ.ಮೀ. ಪ್ಲೈವುಡ್ಡಿನ ಅಂಚಿಗೆ 6 ಮಿ.ಮೀ. ಲಿಪ್ಪಿಂಗ್ ಪಟ್ಟಿ. ಮಹಡಿ ಮೇಲೆ ಒಂದು ಕೋಣೆಗೆ ಮರದ ಸ್ಕರ್ಟಿಂಗ್, ಅಂದರೆ ಗೋಡೆಯ ಬುಡದ ಪಟ್ಟಿ. ಅಲ್ಲಿನ ಗೋಡೆ ಇಟ್ಟಿಗೆ, ಸಿಮೆಂಟ್ ಪ್ಲಾಸ್ಟರ್. ಆಮೇಲೆ ನಾಲ್ಕು ಕಿಟಕಿಯ ಗಾಜಿಗೆ ಸಣ್ಣ ಬೀಡಿಂಗ್.

ಸುತ್ತಿಗೆಯಲ್ಲಿ ಹೊಡೆಯಲು ಹೋಗಿ ಎರಡು ಪಟ್ಟಿ ಸೀಳಿಕೊಂಡೆ. ಅದಕ್ಕೆ ಗಾಳಿಯ ಒತ್ತಡದಲ್ಲಿ ಮೊಳೆ ಹೊಡೆಯುವ ನೈಲ್ ಗನ್ ಯೋಚನೆ. ಶಿವಮೊಗ್ಗದ ಅಂಗಡಿಗಳಲ್ಲಿ ಕೇಳಿದರೆ ಎಫ್30 ಅಂತಾರೆ, ಟಿ50 ಅಂತಾರೆ, ಎಸ್‌ಟಿ64 ಅಂತಾರೆ, ಪಿನ್ ಗನ್ ಅಂತಾರೆ. ಯಾವುದು ಯಾತಕ್ಕೆ ಅಂತ ಬಿಡಿಸಿ ಹೇಳುವವರು ಸಿಗಲಿಲ್ಲ. ಒಂದೇ ಗನ್‌ನಲ್ಲಿ ಈ ನಾಲ್ಕೂ ಕೆಲಸ ಆಗುತ್ತಾ? ತಿಳಿದವರು ದಯವಿಟ್ಟು ಹೇಳಿ.

ಬಡಗಿ, ಬೆಂಗಳೂರು

ಮೇಷ್ಟ್ರೇ ನಮಸ್ಕಾರ. ನಾನು 22 ವರ್ಷದಿಂದ ಇದೇ ಕೆಲಸದಲ್ಲಿ ಇದ್ದೇನೆ. ಮೊದಲ ಹತ್ತು ವರ್ಷ ಬರೀ ಸುತ್ತಿಗೆ. ಆಮೇಲೆ ಗನ್ ಬಂತು.

ಗನ್ ಯಾವುದು ಅನ್ನೋದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಪಟ್ಟಿಯ ಹಿಂದೆ ಏನಿದೆ ಅಂತ ಮೊದಲು ನೋಡಿ. ಮೊಳೆ ಹಿಡಿಯುವುದು ಪಟ್ಟಿಯಲ್ಲಿ ಅಲ್ಲ, ಅದರ ಹಿಂದೆ ಇರುವುದರಲ್ಲಿ. ಹಿಂದೆ ಪ್ಲೈವುಡ್ ಇದ್ದರೆ ಒಂದು ಮೊಳೆ, ಹಳೆಯ ಗಟ್ಟಿ ಮರ ಇದ್ದರೆ ಇನ್ನೊಂದು. ಗೋಡೆ ಇದ್ದರೆ ಲೆಕ್ಕವೇ ಬೇರೆ. ನಿಮ್ಮ ನಾಲ್ಕು ಕೆಲಸದಲ್ಲಿ ಈ ಮೂರೂ ಇವೆ. ಅದಕ್ಕೇ ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದ್ದಾರೆ.

ಈಗ ಹೆಸರುಗಳು. ಎಫ್30 ಅಂದರೆ 18 ಗೇಜ್ ಮೊಳೆ ಹೊಡೆಯುವ ಗನ್. ಗೇಜ್ ಅಂದರೆ ಮೊಳೆಯ ದಪ್ಪದ ನಂಬರ್. ಆ 30 ಅನ್ನುವುದು ಉದ್ದ. 10 ಮಿ.ಮೀ.ನಿಂದ 30 ಮಿ.ಮೀ. ತನಕ ಮೊಳೆ ಹಿಡಿಸುತ್ತದೆ. ಮೊಳೆ ಗುಂಡಗಿರುವುದಿಲ್ಲ, ಚಪ್ಪಟೆ. ಒಂದು ಕಡೆ 1.25 ಮಿ.ಮೀ., ಇನ್ನೊಂದು ಕಡೆ 1 ಮಿ.ಮೀ. ತಲೆ ತುಂಬಾ ಸಣ್ಣದು, ಸುಮಾರು 2 ಮಿ.ಮೀ. ಇದೇ ಜಾತಿಯಲ್ಲಿ ಎಫ್50 ಅಂತಲೂ ಇದೆ. ಅದರಲ್ಲಿ 50 ಮಿ.ಮೀ. ತನಕ ಹೊಡೆಯಬಹುದು. ಟಿ50 ಅಂದರೆ 16 ಗೇಜ್. ಅದು ಸ್ವಲ್ಪ ದಪ್ಪ ಮೊಳೆ, 20ರಿಂದ 50 ಮಿ.ಮೀ. ಹಿಡಿತ ಜಾಸ್ತಿ, ತೂತೂ ಜಾಸ್ತಿ ಕಾಣುತ್ತದೆ. ಪಿನ್ ಗನ್ 23 ಗೇಜ್. 0.6 ಮಿ.ಮೀ. ಸೂಜಿ ಇದ್ದ ಹಾಗೆ, ತಲೆಯೇ ಇಲ್ಲ. ಎಸ್‌ಟಿ64 ಅನ್ನುವುದು ಕಾಂಕ್ರೀಟ್ ಮೊಳೆಯ ಗನ್. ಅದರ ಮೊಳೆ 2.2 ಮಿ.ಮೀ. ದಪ್ಪ, ದೊಡ್ಡ ತಲೆ. ಬೀಡಿಂಗ್ ಕೆಲಸಕ್ಕೆ ಅದನ್ನು ಮುಟ್ಟಲೇಬೇಡಿ.

ಗೇಜ್ ಲೆಕ್ಕ ತಿರುಗಾಮುರುಗಾ ಇರುತ್ತದೆ. ನಂಬರ್ ದೊಡ್ಡದಾದಷ್ಟೂ ಮೊಳೆ ಸಣ್ಣದು. ಇದನ್ನು ಹೊಸ ಹುಡುಗರು ಯಾವಾಗಲೂ ತಪ್ಪು ಮಾಡುತ್ತಾರೆ.

ಉದ್ದಕ್ಕೆ ನಾವು ನೋಡುವ ಲೆಕ್ಕ ಇಷ್ಟೇ. ಪಟ್ಟಿಯ ದಪ್ಪದ ಎರಡೂವರೆಯಿಂದ ಮೂರು ಪಟ್ಟು. 12 ಮಿ.ಮೀ. ಪಟ್ಟಿಗೆ 30 ಮಿ.ಮೀ. ಮೊಳೆ. ಪಟ್ಟಿ ದಾಟಿ 18 ಮಿ.ಮೀ. ಹಿಂದಿನ ಮರಕ್ಕೆ ಹೋಗುತ್ತದೆ. ಅಷ್ಟು ಸಾಕು. 6 ಮಿ.ಮೀ. ಲಿಪ್ಪಿಂಗಿಗೆ 25 ಮಿ.ಮೀ. ಹಾಕಿ. ಪ್ಲೈ ಅಂಚಿನಲ್ಲಿ ಮೊಳೆ ಪದರಗಳ ನಡುವೆ ಇಳಿಯುತ್ತದೆ, ಅಲ್ಲಿ ಹಿಡಿತ ಕಡಿಮೆ. ಅದಕ್ಕೇ ಇಲ್ಲಿ ಲೆಕ್ಕಕ್ಕಿಂತ ಸ್ವಲ್ಪ ಉದ್ದ. ಸರಿಯಾಗಿ 19 ಮಿ.ಮೀ.ನ ನಡುವೆ ಹೊಡೆಯಿರಿ. ಓರೆಯಾದರೆ ಪ್ಲೈ ಪಕ್ಕದಿಂದ ಮೊಳೆ ಹೊರಗೆ ಇಣುಕುತ್ತದೆ.

ಲಿಪ್ಪಿಂಗ್‌ನಲ್ಲಿ ನಿಜವಾಗಿ ಹಿಡಿಯುವುದು ಫೆವಿಕಾಲ್. ಫೆವಿಕಾಲ್ ಒಣಗುವ ತನಕ ಪಟ್ಟಿ ಅಲ್ಲಾಡದ ಹಾಗೆ ನೋಡಿಕೊಳ್ಳುವುದು ಮೊಳೆಯ ಕೆಲಸ. ಆದ್ದರಿಂದ ಅಲ್ಲಿ ಆರು ಇಂಚಿಗೊಂದು ಮೊಳೆ ಸಾಕು. ಸುಮ್ನೆ ಎರಡು ಇಂಚಿಗೊಂದು ಹೊಡೆದು ತೂತು ಮಾಡಬೇಡಿ.

ನಿಮಗೆ ಒಂದೇ ಗನ್ ಅಂದರೆ ಎಫ್30. ಆದರೆ ಅದರಲ್ಲಿ ನಾಲ್ಕೂ ಕೆಲಸ ಆಗುವುದಿಲ್ಲ. ಲಿಪ್ಪಿಂಗ್ ಖಂಡಿತ ಆಗುತ್ತದೆ. ಬಾಗಿಲಿನದು ಅರ್ಧ ಆಗುತ್ತದೆ. ಗೋಡೆಗೆ ಆಗುವುದೇ ಇಲ್ಲ. ಯಾಕೆ ಅಂತ ನೀವು ಕೇಳಿದರೆ ಆಮೇಲೆ ಬರೆಯುತ್ತೇನೆ, ಈಗ ಸೈಟಿಗೆ ಹೊರಡಬೇಕು.

ಶಿರಸಿ ಹಿರಿಯರು

ಮೇಷ್ಟ್ರೇ, ನಿಮ್ಮ ಪಟ್ಟಿ ಸೀಳಿದ್ದು ಸುತ್ತಿಗೆಯ ತಪ್ಪಲ್ಲ. ತೂತು ಹಾಕದೆ ಹೊಡೆದಿದ್ದೀರಿ. ನಮ್ಮ ಕಡೆ ಆಚಾರಿಗಳು ಏನು ಮಾಡುತ್ತಿದ್ದರು ಗೊತ್ತಾ? ಹೊಡೆಯಬೇಕಾದ ಮೊಳೆಯದ್ದೇ ತಲೆ ಕತ್ತರಿಸಿ ಅದನ್ನು ಡ್ರಿಲ್ಲಿಗೆ ಸಿಕ್ಕಿಸುತ್ತಿದ್ದರು. ಅದರಲ್ಲೇ ತೂತು. ಮೊಳೆಯ ಅಳತೆಗೆ ಸರಿಯಾಗಿ ಬರುತ್ತದೆ, ಪಟ್ಟಿ ಸೀಳುವುದಿಲ್ಲ. ತುದಿಯಿಂದ ಒಂದು ಇಂಚಿನ ಒಳಗೆ ತೂತಿಲ್ಲದೆ ಹೊಡೆಯಲೇಬಾರದು. ಮೊಳೆಯ ಚೂಪನ್ನು ಸುತ್ತಿಗೆಯಿಂದ ಸ್ವಲ್ಪ ಮೊಂಡು ಮಾಡಿಕೊಂಡರೂ ಸೀಳುವುದು ಕಡಿಮೆ. ಚೂಪು ಮೊಳೆ ಎಳೆಗಳನ್ನು ಅಗಲಿಸುತ್ತದೆ, ಮೊಂಡು ಮೊಳೆ ಕತ್ತರಿಸಿಕೊಂಡು ಹೋಗುತ್ತದೆ.

ಐದು ಬಾಗಿಲಿಗೆ ಗನ್ನು, ಅದಕ್ಕೆ ಗಾಳಿ ಒತ್ತಿ ಕೊಡುವ ಕಂಪ್ರೆಸರ್ ಅಂತ ಖರ್ಚು ಮಾಡುವುದು ಬೇಕಾ? ಎರಡು ದಿನದ ಕೆಲಸ. ಕೈಯಲ್ಲೇ ಮಾಡಿ. ಮರದ ಗುಣ ಕೈಗೆ ಗೊತ್ತಾಗುತ್ತದೆ.

ಧಾರವಾಡದ ಅಕ್ಕ

ಹಿರಿಯರ ಮಾತು ಒಪ್ಪುತ್ತೇನೆ, ನಾನೂ ಹಾಗೇ ಕಲಿತಿದ್ದು. ಆದರೆ ಒಬ್ಬರೇ ಕೆಲಸ ಮಾಡುವವರಿಗೆ ಗನ್ ತುಂಬಾ ಸಹಾಯ. ಬಾಗಿಲಿನ ಮೇಲಿನ ಮೂಲೆಯಲ್ಲಿ 45 ಡಿಗ್ರಿ ಕತ್ತರಿಸಿದ ಎರಡು ಪಟ್ಟಿ ಕೂಡಬೇಕು. ಎಡಗೈಯಲ್ಲಿ ಪಟ್ಟಿ ಒತ್ತಿ ಹಿಡಿದರೆ ಮೊಳೆ ಹಿಡಿಯಲು ಒಂದು ಕೈ, ಸುತ್ತಿಗೆಗೆ ಇನ್ನೊಂದು ಕೈ ಬೇಕು. ಮೂರು ಕೈ ಎಲ್ಲಿಂದ ತರುವುದು? ಸುತ್ತಿಗೆ ಏಟಿಗೆ ಪಟ್ಟಿ ಒಂದು ಕೂದಲೆಳೆ ಸರಿದರೂ ಸಂದಿ ಬಾಯಿ ಬಿಡುತ್ತದೆ. ಗನ್‌ನಲ್ಲಿ ಹಾಗಾಗುವುದಿಲ್ಲ. ಟಕ್ ಅಂತ ಒಂದೇ ಏಟು, ಪಟ್ಟಿ ಅಲ್ಲಾಡುವ ಮೊದಲೇ ಮೊಳೆ ಒಳಗೆ ಹೋಗಿರುತ್ತದೆ.

ನಾನು ಫೋಟೋ ಫ್ರೇಮ್ ಮತ್ತು ಸಣ್ಣ ಪೆಟ್ಟಿಗೆಗಳನ್ನು ಮಾಡುತ್ತೇನೆ. ನನ್ನ ಹತ್ತಿರ ಇರುವುದು 23 ಗೇಜ್ ಪಿನ್ ಗನ್. 6 ಮಿ.ಮೀ. ಪಟ್ಟಿಯ ತುದಿಯಲ್ಲಿ ಹೊಡೆದರೂ ಸೀಳುವುದಿಲ್ಲ. ತೂತು ಎಲ್ಲಿದೆ ಅಂತ ಹುಡುಕಬೇಕು. ಆದರೆ ತಲೆ ಇಲ್ಲದ ಕಾರಣ ಎಳೆದರೆ ಪಟ್ಟಿ ಪಿನ್ನಿನಿಂದ ಜಾರಿಕೊಂಡು ಬಂದುಬಿಡುತ್ತದೆ. ಅಂಟು ಇಲ್ಲದೆ ಪಿನ್ ಒಂದನ್ನೇ ನಂಬಬಾರದು. ನಿಮ್ಮ 12 ಮಿ.ಮೀ. ಬಾಗಿಲು ಪಟ್ಟಿಗೆ ಅದು ಸಾಲದು. ಕಿಟಕಿ ಗಾಜಿನ ಬೀಡಿಂಗಿಗೆ ಚೆನ್ನಾಗಿದೆ, 15 ಅಥವಾ 20 ಮಿ.ಮೀ. ಪಿನ್. ಗನ್ನಿನ ಮೂತಿ ಗಾಜಿಗೆ ತಾಗಬಾರದು. ಪಿನ್ ಚೌಕಟ್ಟಿನ ಕಡೆಗೆ ಓರೆಯಾಗಿ ಹೋಗುವ ಹಾಗೆ ಹಿಡಿಯಿರಿ. ಗಾಜಿನ ಮೇಲೆ ಒಂದು ದಪ್ಪ ರಟ್ಟು ಇಟ್ಟುಕೊಂಡರೆ ಧೈರ್ಯ.

ಇನ್ನೊಂದು ಮಾತು. ಯಾವ ಗನ್ ತಗೊಂಡರೂ ಹಿಡಿದ ಕೈ ಮೂತಿಯಿಂದ ಕನಿಷ್ಠ ನಾಲ್ಕು ಇಂಚು ದೂರ ಇರಲಿ. ಸಣ್ಣ ಮೊಳೆ ಅಂತ ಸಲಿಗೆ ಬೇಡ. ಮರದೊಳಗೆ ಗಂಟು ಸಿಕ್ಕಿದರೆ ಮೊಳೆ ಬಾಗಿ ಪಕ್ಕದಿಂದ ಹೊರಗೆ ಬರುತ್ತದೆ.

ತೀರ್ಥಹಳ್ಳಿ ಮೇಷ್ಟ್ರು

ಎಲ್ಲರಿಗೂ ತುಂಬಾ ಧನ್ಯವಾದ. ಹಿರಿಯರೇ, ಮೊಳೆಯಿಂದಲೇ ತೂತು ಹಾಕುವ ಉಪಾಯ ನಿನ್ನೆ ರಾತ್ರಿಯೇ ಮಾಡಿ ನೋಡಿದೆ. ಒಂದೂ ಸೀಳಲಿಲ್ಲ. ಆದರೆ ಅಕ್ಕ ಹೇಳಿದ ಹಾಗೆ ಮೂಲೆಯಲ್ಲಿ ಪಟ್ಟಿ ಸರಿಯಿತು.

ಇವತ್ತು ಬೆಳಿಗ್ಗೆ ಒಂದು ಅಂಗಡಿಯಿಂದ ಕಂಪ್ರೆಸರ್ ಮತ್ತು ಗನ್ ಬಾಡಿಗೆಗೆ ತಂದೆ. ಬಡಗಿ ಅಣ್ಣ ಹೇಳಿದ ಎಫ್30 ಕೇಳಿದೆ. ಅದು ಹೊರಗೆ ಹೋಗಿದೆ, ಇದೂ ಅದೇ ಕೆಲಸ ಮಾಡುತ್ತದೆ ಅಂತ ಬೇರೆ ಗನ್ ಕೊಟ್ಟರು. ಮನೆಗೆ ಬಂದು ಮೊದಲ ಮೊಳೆ ಹೊಡೆದೆ. ಪಟ್ಟಿ ಈ ತುದಿಯಿಂದ ಆ ತುದಿಗೆ ಎರಡು ಸೀಳು. ಮೊಳೆಯ ತಲೆ ಕಡಲೆಕಾಳಿನಷ್ಟಿದೆ. ಆಮೇಲೆ ಗನ್ ಮೇಲೆ ಓದಿದರೆ ಎಸ್‌ಟಿ64! ಅಣ್ಣ ಮೊದಲೇ ಹೇಳಿದ್ದರು, ನಾನು ನೋಡಿ ತರಬೇಕಿತ್ತು. ಒಳ್ಳೆಯ ಸಾಗುವಾನಿ ಪಟ್ಟಿ, ಏಳು ಅಡಿಯದ್ದು, ಹೋಯಿತು. ಬೇಜಾರಾಯಿತು.

ಅಣ್ಣ, ಬಾಗಿಲಿನದು ಅರ್ಧ ಮಾತ್ರ ಆಗುತ್ತದೆ ಅಂದಿರಲ್ಲ, ಅದು ಹೇಗೆ? ಗೋಡೆಗೆ ಯಾಕೆ ಆಗುವುದಿಲ್ಲ?

ಬಡಗಿ, ಬೆಂಗಳೂರು

ಪಟ್ಟಿ ಹೋಗಿದ್ದಕ್ಕೆ ನನಗೂ ಬೇಜಾರಾಯಿತು ಮೇಷ್ಟ್ರೇ. ಬಿಸಾಡಬೇಡಿ, ಗಾಜಿನ ಬೀಡಿಂಗಿಗೆ ಸೀಳಿಕೊಳ್ಳಬಹುದು.

ನಿಮ್ಮ ಬಾಗಿಲ ಪಟ್ಟಿ ಎರಡು ಕಡೆ ಕೂರುತ್ತದೆ. ಒಳಗಿನ ಅಂಚು ದಾರಂದದ ಮರದ ಮೇಲೆ. ಹೊರಗಿನ ಅಂಚು ಗಾರೆಯ ಮೇಲೆ. ಒಳ ಅಂಚಿಗೆ ಎಫ್30 ನಡೆಯುತ್ತದೆ. ಹೊರ ಅಂಚಿಗೆ 18 ಗೇಜ್ ಮೊಳೆ ಹೊಡೆದರೆ ಗಾರೆ ಉದುರುತ್ತದೆ, ಇಲ್ಲ ಕಲ್ಲಿಗೆ ತಾಗಿ ಮೊಳೆ ಮುದುಡಿಕೊಳ್ಳುತ್ತದೆ. ಹಿಡಿತ ಅನ್ನೋದು ಇರುವುದಿಲ್ಲ. ಹಾಗಂತ ಎಸ್‌ಟಿ ಮೊಳೆ ಹೊಡೆದರೆ ನೀವು ನೋಡಿದ್ದೇ ಆಗುತ್ತದೆ. ಜಂಬಿಟ್ಟಿಗೆಗೆ ಅದೂ ಸರಿಯಲ್ಲ, ಆ ಕಲ್ಲು ಪುಡಿಯಾಗುತ್ತದೆ. ಎಸ್‌ಟಿ ಗನ್ ಇರುವುದು ಕಾಂಕ್ರೀಟಿಗೆ. ಫಾಲ್ಸ್ ಸೀಲಿಂಗಿನವರು ರೀಪರ್, ಅಂದರೆ ಒಳಗೆ ಆಧಾರಕ್ಕೆ ಕೊಡುವ ಮರದ ಪಟ್ಟಿ, ಹೊಡೆಯುವುದು ಅದರಲ್ಲೇ. ತಲೆ ಕಂಡರೂ ಅವರಿಗೆ ಚಿಂತೆ ಇಲ್ಲ, ಮೇಲೆ ಬೋರ್ಡ್ ಬರುತ್ತದೆ.

ಹಾಗಾದರೆ ಗೋಡೆಗೆ ಏನು ಮಾಡುವುದು? ಮರದ ಗೂಟ. ಒಂದೂವರೆ ಅಡಿಗೊಂದು ತೂತು ಕೊರೆದು ಗಟ್ಟಿ ಮರದ ಗೂಟ ಬಡಿಯಿರಿ, ಗಾರೆ ಮಟ್ಟಕ್ಕೆ ಕತ್ತರಿಸಿ. ಎಲ್ಲೆಲ್ಲಿ ಗೂಟ ಇದೆ ಅಂತ ಪಕ್ಕದ ಗೋಡೆಯ ಮೇಲೆ ಪೆನ್ಸಿಲ್ ಗುರುತು ಮಾಡಿ. ಆಮೇಲೆ ಪಟ್ಟಿ ಇಟ್ಟು ಗೂಟಕ್ಕೇ ಮೊಳೆ ಹೊಡೆಯಿರಿ. ಈಗ ನೋಡಿ, ಪಟ್ಟಿಯ ಹಿಂದೆ ಗೋಡೆ ಹೋಗಿ ಮರ ಬಂತು. ಎಫ್30 ಸಾಕು. ಸ್ಕರ್ಟಿಂಗಿಗೆ ಇನ್ನೂ ಸುಲಭದ ದಾರಿ ಇದೆ. 6 ಮಿ.ಮೀ. ಡ್ರಿಲ್, ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ಪ್ಲಾಸ್ಟಿಕ್ ಗಟ್ಟಾ, ಸ್ಕ್ರೂ. ಅದರಲ್ಲಿ 12 ಮಿ.ಮೀ. ಪ್ಲೈ ರೀಪರ್ ಗೋಡೆಗೆ ಬಿಗಿದುಬಿಡಿ. ಸ್ಕರ್ಟಿಂಗ್ ಪಟ್ಟಿಯನ್ನು ರೀಪರಿಗೆ ಗನ್‌ನಲ್ಲಿ ಹೊಡೆಯಿರಿ. ಗೋಡೆ ಡೊಂಕಿದ್ದರೆ ರೀಪರ್ ಹಿಂದೆ ಚಕ್ಕೆ ಕೊಟ್ಟು ನೇರ ಮಾಡಬಹುದು. ಅದೊಂದು ಲಾಭ.

ಇನ್ನು ದಾರಂದದ ವಿಷಯ. ಕಿರಾಲುಬೋಗಿ ಅಂದಿದ್ದೀರಿ. ಅಜ್ಜನ ಕಾಲದ್ದು ಅಂದರೆ ಒಣಗಿ ಕಲ್ಲಾಗಿರುತ್ತದೆ. 30 ಮಿ.ಮೀ. 18 ಗೇಜ್ ಮೊಳೆ ಅದರೊಳಗೆ ಪೂರ್ತಿ ಇಳಿಯದೆ ಬಾಗಬಹುದು. ಮೊಳೆ ಉದ್ದ ಇದ್ದಷ್ಟೂ ಬಾಗುವುದು ಜಾಸ್ತಿ. ಅಂಥ ಕಡೆ 25 ಮಿ.ಮೀ. ಹಾಕಿ, ಹಿಂದೆ ಅಂಟು ಹಚ್ಚಿ. ಕಂಪ್ರೆಸರಿನಲ್ಲಿ 7 ಕೆಜಿ ಪ್ರೆಶರ್ ಇಡಿ, ಅಂದರೆ ಸುಮಾರು 100 ಪಿಎಸ್‌ಐ. ಗನ್ ಮೇಲೆ ಬರೆದಿರುವ ಗರಿಷ್ಠ ಪ್ರೆಶರ್ ದಾಟಬೇಡಿ. ಆದರೂ ಮೊಳೆ ನಿಂತರೆ ಹಿರಿಯರು ಹೇಳಿದ ದಾರಿಯೇ ಸರಿ, ತೂತು ಹಾಕಿ ಕೈಯಲ್ಲಿ ಹೊಡೆಯಿರಿ. ನಾಲ್ಕಾರು ಕಡೆ ಕೈಯಲ್ಲಿ ಹೊಡೆದರೆ ತಪ್ಪೇನಿಲ್ಲ.

ಪ್ಲೈಗೆ ಹೊಡೆಯುವಾಗ ಪ್ರೆಶರ್ ಇಳಿಸಿ, 5 ಕೆಜಿ ಸಾಕು. ಸಣ್ಣ ಎಫ್30 ಗನ್‌ಗಳಲ್ಲಿ ಆಳ ಹೊಂದಿಸುವ ಚಕ್ರ ಇರುವುದಿಲ್ಲ. ಪ್ರೆಶರಿನಲ್ಲೇ ಆಳ ಹೊಂದಿಸಬೇಕು. ಮೊಳೆಯ ತಲೆ ಮರದ ಮಟ್ಟಕ್ಕಿಂತ ಒಂದು ಮಿ.ಮೀ. ಒಳಗೆ ಹೋಗಬೇಕು, ಅದಕ್ಕಿಂತ ಜಾಸ್ತಿ ಬೇಡ. ತುಂಡು ಮರದ ಮೇಲೆ ಹತ್ತು ಮೊಳೆ ಹೊಡೆದು ನೋಡಿ, ಆಮೇಲೆ ಪಟ್ಟಿಗೆ ಹೋಗಿ.

ಕನ್ನಡಿಗ, ನಾರ್ತ್ ಕೆರೊಲಿನಾ

ಬಡಗಿ ಅಣ್ಣ ಹೇಳಿದ ಮಾತು ಇಲ್ಲಿಗೂ ಸರಿ ಹೊಂದುತ್ತದೆ. ನಾನು ಇರುವುದು ರಾಲಿ ಹತ್ತಿರ. ಇಲ್ಲಿ ಮನೆಯ ಗೋಡೆಯೇ ಮರದ್ದು. 16 ಇಂಚಿಗೊಂದು ಮರದ ಕಂಬ, ಅದನ್ನು ಸ್ಟಡ್ ಅಂತಾರೆ. ಅದರ ಮೇಲೆ ಅರ್ಧ ಇಂಚಿನ ಜಿಪ್ಸಮ್ ಬೋರ್ಡ್. ಆ ಬೋರ್ಡಿಗೆ ಮೊಳೆ ಹಿಡಿಯುವ ಶಕ್ತಿ ಇಲ್ಲ. ಮೊಳೆ ಬೋರ್ಡ್ ದಾಟಿ ಸ್ಟಡ್‌ಗೇ ಹೋಗಬೇಕು. ಆದ್ದರಿಂದ ಇಲ್ಲಿ ಸ್ಕರ್ಟಿಂಗಿಗೆ ಎರಡು ಇಂಚಿನ ಮೊಳೆ ಬೇಕು, 15 ಅಥವಾ 16 ಗೇಜ್. ಬಾಗಿಲ ಪಟ್ಟಿಗೆ ಎರಡು ಥರ ಹೊಡೆಯುತ್ತಾರೆ. ಒಳ ಅಂಚಿಗೆ 18 ಗೇಜ್, ಒಂದೂಕಾಲು ಇಂಚು. ಹೊರ ಅಂಚು ಬೋರ್ಡಿನ ಮೇಲೆ ಕೂರುವುದರಿಂದ ಅಲ್ಲಿ 15 ಅಥವಾ 16 ಗೇಜ್, ಎರಡು ಅಥವಾ ಎರಡೂವರೆ ಇಂಚು.

ಇಲ್ಲಿನ ಸಲಹೆ ಓದಿ ಊರಿನವರು 16 ಗೇಜ್ ತಗೊಂಡರೆ ಕಷ್ಟ. ಇಲ್ಲಿ ಪಟ್ಟಿಗೆ ಬಿಳಿ ಪೇಂಟ್ ಹೊಡೆಯುವುದೇ ಜಾಸ್ತಿ. ತೂತು ಎಷ್ಟು ದೊಡ್ಡದಿದ್ದರೂ ಪುಟ್ಟಿ ತುಂಬಿ ಪೇಂಟ್ ಹೊಡೆದರೆ ಮಾಯ. ನಮ್ಮ ಊರಲ್ಲಿ ಸಾಗುವಾನಿಗೆ ಪಾಲಿಶ್ ಮಾಡುತ್ತೇವೆ. ಮರದ ಎಳೆಯೇ ಕಾಣಬೇಕು. ಅಲ್ಲಿ ಪ್ರತಿ ತೂತೂ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ನಮಗೆ ಸಣ್ಣ ಮೊಳೆ, ಜೊತೆಗೆ ಅಂಟು. ಅದೇ ಸರಿ.

ಟ್ರಿಗರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡು ಥರ ಇದೆ. ಒಂದರಲ್ಲಿ ಮೊದಲು ಮೂತಿ ಮರಕ್ಕೆ ಒತ್ತಬೇಕು, ಆಮೇಲೆ ಟ್ರಿಗರ್ ಎಳೆಯಬೇಕು. ಪ್ರತಿ ಮೊಳೆಗೂ ಎರಡನ್ನೂ ಬಿಟ್ಟು ಮತ್ತೆ ಶುರು ಮಾಡಬೇಕು. ಇನ್ನೊಂದರಲ್ಲಿ ಟ್ರಿಗರ್ ಹಿಡಿದೇ ಇದ್ದರೆ ಮೂತಿ ಎಲ್ಲಿ ತಾಗಿದರೂ ಮೊಳೆ ಹಾರುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 2011ರಲ್ಲಿ ತಂದ ಕೈಪಿಡಿಯಲ್ಲಿ ಮೊದಲನೆಯ ಥರದ್ದನ್ನೇ ಬಳಸಿ ಅಂತ ಹೇಳಿದೆ. ಬೀಡಿಂಗ್ ಕೆಲಸಕ್ಕೆ ಆತುರ ಏನೂ ಇಲ್ಲ. ಒಂದೊಂದೇ ಮೊಳೆ, ನೋಡಿ ಹೊಡೆಯುವ ಕೆಲಸ.

ಬಡಗಿ, ಬೆಂಗಳೂರು

ಸರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ನಮ್ಮಲ್ಲಿ ಸಿಗುವ ಅಗ್ಗದ ಎಫ್30 ಗನ್‌ಗಳಲ್ಲಿ ಎಷ್ಟೋ ಗನ್ನಿಗೆ ಮೂತಿಯ ಸೇಫ್ಟಿಯೇ ಇರುವುದಿಲ್ಲ. ಗಾಳಿಯಲ್ಲಿ ಹಿಡಿದು ಟ್ರಿಗರ್ ಒತ್ತಿದರೂ ಮೊಳೆ ಹಾರುತ್ತದೆ. ತಗೊಳ್ಳುವಾಗ ಅಂಗಡಿಯಲ್ಲೇ ನೋಡಿ, ಸೇಫ್ಟಿ ಇರುವುದನ್ನೇ ಕೇಳಿ ತಗೊಳ್ಳಿ. ಇನ್ನೂರು ಮುನ್ನೂರು ರೂಪಾಯಿ ಉಳಿಸಲು ಹೋಗಬೇಡಿ.

ನನ್ನ ಜೊತೆ ಇದ್ದ ಹುಡುಗನೊಬ್ಬ ಲಿಪ್ಪಿಂಗ್ ಹೊಡೆಯುತ್ತಿದ್ದ. ಪಟ್ಟಿಯ ಪಕ್ಕಕ್ಕೇ ಬೆರಳು ಇಟ್ಟುಕೊಂಡಿದ್ದ. ಗಂಟು ತಾಗಿ ಮೊಳೆ ಬಾಗಿ ಪ್ಲೈ ಪಕ್ಕದಿಂದ ಬಂತು. ತೋರು ಬೆರಳಿನ ಈ ಕಡೆಯಿಂದ ಆ ಕಡೆಗೆ. ಆ ಮುಖ ನನಗೆ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಬೆರಳು ಉಳಿಯಿತು. ಅವತ್ತಿನಿಂದ ನಮ್ಮ ತಂಡದಲ್ಲಿ ಕನ್ನಡಕ ಇಲ್ಲದೆ ಗನ್ ಮುಟ್ಟುವ ಹಾಗಿಲ್ಲ, ಮೊಳೆ ತುಂಬುವಾಗ ಗಾಳಿ ಪೈಪ್ ಬಿಚ್ಚಲೇಬೇಕು.

ಕರಾವಳಿ ಮನೆ, ಮಂಗಳೂರು

ಮೇಷ್ಟ್ರೇ, ನೀವು ಮಲೆನಾಡಿನವರು, ಮಳೆ ನಿಮಗೂ ನಮ್ಮಷ್ಟೇ. ತುಕ್ಕಿನ ಬಗ್ಗೆ ಯಾರೂ ಹೇಳಲಿಲ್ಲ ಮಾರಾಯ್ರೆ. ನಮ್ಮ ಮನೆಯಲ್ಲಿ ಹೊಸ ಬೀಡಿಂಗ್ ಹಾಕಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪ್ರತಿ ಮೊಳೆಯ ಸುತ್ತ ಕಪ್ಪು ಚುಕ್ಕೆ ಬಂತು. ಮರದಲ್ಲಿ ಒಗರು ಇರುತ್ತದೆ ಅಲ್ವಾ, ಅದು ಕಬ್ಬಿಣ ಮತ್ತು ತೇವದ ಜೊತೆ ಸೇರಿ ಕಪ್ಪಾಗುತ್ತದೆ. ಪಾಲಿಶ್ ಮೇಲೆ ಅದು ಎದ್ದು ಕಾಣುತ್ತದೆ. ಹೊರಗಿನ ಬಾಗಿಲು, ಬಚ್ಚಲಿನ ಬಾಗಿಲು ಇಂಥ ಕಡೆ ಸ್ಟೇನ್‌ಲೆಸ್ ಸ್ಟೀಲ್ ಮೊಳೆ ಹುಡುಕಿ ತನ್ನಿ. 18 ಗೇಜ್‌ನಲ್ಲಿ ಸಿಗುತ್ತದೆ. ಒಳಗಿನ ಬಾಗಿಲಿಗೆ ಮಾಮೂಲಿ ಕಲಾಯಿ ಮೊಳೆ ಸಾಕು.

ಕಂಪ್ರೆಸರ್ ಟ್ಯಾಂಕಿನ ಕೆಳಗೆ ಒಂದು ಸಣ್ಣ ತಿರುಪು ಇರುತ್ತದೆ. ದಿನಾ ಸಂಜೆ ಅದನ್ನು ಬಿಚ್ಚಿ ನೀರು ಹೊರಗೆ ಬಿಡಿ. ತೇವದ ಗಾಳಿ ಒಳಗೆ ಒತ್ತಿದಾಗ ನೀರಾಗುತ್ತದೆ. ಅದು ಗನ್ ಒಳಗೆ ಹೋದರೆ ಗನ್ ಹಾಳು. ಬೆಳಿಗ್ಗೆ ಶುರು ಮಾಡುವ ಮೊದಲು ಗಾಳಿ ಸೇರುವ ಬಾಯಿಗೆ ಎರಡು ಮೂರು ಹನಿ ಏರ್ ಟೂಲ್ ಎಣ್ಣೆ ಬಿಡಿ. ಬೇರೆ ಎಣ್ಣೆ ಬೇಡ, ಒಳಗಿನ ರಬ್ಬರ್ ಉಂಗುರ ಊದಿಕೊಳ್ಳುತ್ತದೆ.

ಹೊಸ ಮನೆ, ತುಮಕೂರು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬ್ಯಾಟರಿ ನೈಲ್ ಗನ್ ತಗೊಂಡರೆ ಕಂಪ್ರೆಸರ್ ಗೋಜೇ ಇಲ್ಲವಲ್ಲ. ಅದು ಹೇಗೆ?

ಕನ್ನಡಿಗ, ನಾರ್ತ್ ಕೆರೊಲಿನಾ

ನನ್ನ ಹತ್ತಿರ ಎರಡೂ ಇವೆ. ಬ್ಯಾಟರಿಯದ್ದು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಆರಾಮ. ಪೈಪ್ ಇಲ್ಲ, ಕಂಪ್ರೆಸರಿನ ಶಬ್ದ ಇಲ್ಲ. ಆದರೆ ಗಾಳಿಯ ಗನ್ ಸುಮಾರು ಒಂದೂಕಾಲು ಕೆಜಿ, ಬ್ಯಾಟರಿಯದ್ದು ಅದರ ಎರಡರಷ್ಟು. ತಲೆಯ ಮೇಲೆ ಎತ್ತಿ ಹಿಡಿದು ಮೂಲೆಗೆ ಹೊಡೆಯುವಾಗ ಆ ತೂಕ ಗೊತ್ತಾಗುತ್ತದೆ. ಮೂತಿಯೂ ದಪ್ಪ, ಎಲ್ಲಿ ಹೊಡೆಯುತ್ತಿದ್ದೇವೆ ಅಂತ ಸರಿಯಾಗಿ ಕಾಣುವುದಿಲ್ಲ. ಬೆಲೆಯೂ ಹಲವು ಪಟ್ಟು. ದಿನಾ ಬೇರೆ ಬೇರೆ ಮನೆಗೆ ಹೋಗಿ ರಿಪೇರಿ ಮಾಡುವವರಿಗೆ ಅದು ಬೇಕು. ಒಂದೇ ಮನೆಯ ಕೆಲಸಕ್ಕೆ ಗಾಳಿಯ ಗನ್ನೇ ಸರಿ.

ಬಡಗಿ, ಬೆಂಗಳೂರು

ಹೌದು. ಕಂಪ್ರೆಸರ್ ದೊಡ್ಡದೇನೂ ಬೇಡ. 18 ಗೇಜ್ ಗನ್ ಒಂದು ಏಟಿಗೆ ತಗೊಳ್ಳುವ ಗಾಳಿ ತುಂಬಾ ಕಡಿಮೆ. 1 ಎಚ್‌ಪಿ ಮೋಟಾರು, 25 ಲೀಟರ್ ಟ್ಯಾಂಕ್ ಇದ್ದರೆ ಇಡೀ ಮನೆಯ ಬೀಡಿಂಗ್ ಹೊಡೆಯಬಹುದು. ಅದೇ ಕಂಪ್ರೆಸರಿನಲ್ಲಿ ಮುಂದೆ ಸ್ಪ್ರೇ ಪಾಲಿಶ್ ಮಾಡಬೇಕು ಅಂತಿದ್ದರೆ ದೊಡ್ಡದು ನೋಡಿ, ಅದಕ್ಕೆ ಗಾಳಿ ಎಡೆಬಿಡದೆ ಬೇಕು.

ತೀರ್ಥಹಳ್ಳಿ ಮೇಷ್ಟ್ರು

ಹನ್ನೆರಡು ದಿನ ಆಯಿತು. ಕೆಲಸ ಎಲ್ಲಿಗೆ ಬಂತು ಅಂತ ಹೇಳುತ್ತೇನೆ.

ಸೇಫ್ಟಿ ಮೂತಿ ಇರುವ ಎಫ್30 ಕೊಂಡೆ. ಕಂಪ್ರೆಸರ್ ಮಾತ್ರ ಬಾಡಿಗೆ. 5,000 ಮೊಳೆಯ ಪೆಟ್ಟಿಗೆ ಎರಡು ತಂದೆ, 25 ಮತ್ತು 30 ಮಿ.ಮೀ. ಹೊರಬಾಗಿಲಿಗೆ ಸ್ಟೇನ್‌ಲೆಸ್ ಮೊಳೆ ಶಿವಮೊಗ್ಗದಲ್ಲಿ ಸಿಗಲಿಲ್ಲ, ತಮ್ಮ ಮಂಗಳೂರಿನಿಂದ ತಂದುಕೊಟ್ಟ.

ಮೊದಲು ವಾರ್ಡ್‌ರೋಬ್ ಮುಗಿಸಿದೆ. 5 ಕೆಜಿ ಪ್ರೆಶರ್, 25 ಮಿ.ಮೀ. ಮೊಳೆ, ಫೆವಿಕಾಲ್. ಒಂದೂ ಸೀಳಲಿಲ್ಲ. ಎರಡು ಕಡೆ ಮೊಳೆ ಪಕ್ಕದಿಂದ ಬಂತು, ನಾನು ಗನ್ ನೇರ ಹಿಡಿದಿರಲಿಲ್ಲ. ಕೈ ದೂರ ಇತ್ತು.

ಆಮೇಲೆ ಬಾಗಿಲಿಗೆ ಬಂದೆ. ದಾರಂದಕ್ಕೆ 30 ಮಿ.ಮೀ. ಹೊಡೆದೆ. ಅಣ್ಣ ಹೇಳಿದ್ದೇ ಆಯಿತು. ಮೂರರಲ್ಲಿ ಒಂದು ಮೊಳೆ ಅರ್ಧಕ್ಕೆ ನಿಂತು ಬಾಗಿತು. 25 ಮಿ.ಮೀ.ಗೆ ಇಳಿದ ಮೇಲೆ ಬಹುತೇಕ ಎಲ್ಲ ಒಳಗೆ ಹೋದವು. ಅಡುಗೆಮನೆ ಬಾಗಿಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅಷ್ಟು ವರ್ಷ ಒಲೆಯ ಬಿಸಿಗೆ ಒಣಗಿದ ಮರ ಅದು. ಅಲ್ಲಿ ಹಿರಿಯರ ದಾರಿ ಹಿಡಿದೆ. ಮೊಳೆಯಿಂದಲೇ ತೂತು ಹಾಕಿ ಸುತ್ತಿಗೆಯಲ್ಲಿ ಹೊಡೆದೆ. ಮೂಲೆಗಳನ್ನು ಮಾತ್ರ ಮೊದಲು ಗನ್‌ನಲ್ಲಿ ಎರಡೆರಡು ಮೊಳೆ ಹೊಡೆದು ಕೂರಿಸಿಕೊಂಡೆ, ಅಲ್ಲಾಡಬಾರದು ಅಂತ.

ಇನ್ನು ಹೊರ ಅಂಚು. ಗೂಟಕ್ಕೆ ತೂತು ಕೊರೆಯಲು ಹಳೆಯ ಗಾರೆಯ ಮೇಲೆ ಗುರುತು ಹಾಕುತ್ತಿದ್ದೆ. ಧೂಳು ಒರೆಸಿದಾಗ ಗಾರೆಯ ನಡುವೆ ಒಂದು ಚೌಕ ಕಂಡಿತು. ಉಗುರಿನಲ್ಲಿ ಕೆರೆದೆ. ಮರ! ಇನ್ನೊಂದೂವರೆ ಅಡಿ ಮೇಲೆ ಇನ್ನೊಂದು. ಎಲ್ಲ ಬಾಗಿಲಿನ ಸುತ್ತಲೂ ಇವೆ. ಅಜ್ಜನ ಕಾಲದ ಆಚಾರಿ ಗೂಟ ಬಡಿದೇ ಬೀಡಿಂಗ್ ಹಾಕಿದ್ದಾರೆ. ಪಟ್ಟಿ ಗೆದ್ದಲಿಗೆ ಹೋಯಿತು, ಗೂಟ ಹೋಗಿಲ್ಲ. ಚೇಗಿನ ಮರ, ಅಂದರೆ ಮರದ ಒಳಗಿನ ಗಟ್ಟಿ ತಿರುಳು, ಇರಬೇಕು. ಉಳಿಯ ತುದಿಯಿಂದ ಒತ್ತಿ ನೋಡಿದೆ, ಗಟ್ಟಿ ಇದೆ. ನಾಲ್ಕೈದು ಮಾತ್ರ ಸಡಿಲ ಆಗಿದ್ದವು, ಅವನ್ನು ಬದಲಿಸಿದೆ. ಉಳಿದವಕ್ಕೆ ಹಾಗೇ ಮೊಳೆ ಹೊಡೆದೆ. 30 ಮಿ.ಮೀ. ಸಲೀಸಾಗಿ ಹೋಯಿತು.

ಅಮ್ಮನನ್ನು ಕರೆದು ತೋರಿಸಿದೆ. ಆ ಆಚಾರಿ ಜಗುಲಿಯಲ್ಲಿ ಕೂತು ಕತ್ತಿಯಲ್ಲಿ ಗೂಟ ಕೆತ್ತುತ್ತಿದ್ದರು ಅಂತ ಅತ್ತೆ ಹೇಳುತ್ತಿದ್ದುದು ಅವರಿಗೆ ನೆನಪಾಯಿತು.

ಬಡಗಿ, ಬೆಂಗಳೂರು

ಮೇಷ್ಟ್ರೇ, ಓದಿ ಮೈ ಜುಮ್ ಅಂತು. ಆ ಗೂಟಗಳ ಫೋಟೋ ಇದ್ದರೆ ಹಾಕಿ, ನಮ್ಮ ಹುಡುಗರಿಗೆ ತೋರಿಸಬೇಕು.

ಪಾಲಿಶ್‌ಗೆ ಮೊದಲು ತೂತು ತುಂಬುವಾಗ ಒಂದು ಎಚ್ಚರ. ಮರದ ಹೊಟ್ಟು ಮತ್ತು ಫೆವಿಕಾಲ್ ಕಲಸಿ ತುಂಬಬೇಡಿ. ಅಂಟಿರುವ ಕಡೆ ಪಾಲಿಶ್ ಇಳಿಯುವುದಿಲ್ಲ, ಚುಕ್ಕೆ ಚುಕ್ಕೆ ಉಳಿಯುತ್ತದೆ. ಚಾಕ್ ಪೌಡರ್‌ಗೆ ಮರದ ಬಣ್ಣದ ಪುಡಿ ಸೇರಿಸಿ, ಅರಗಿನ ಪಾಲಿಶ್‌ನಲ್ಲಿ ಕಲಸಿ ತುಂಬಿ. ಒಣಗಿದ ಮೇಲೆ 220 ನಂಬರ್ ಉಜ್ಜು ಕಾಗದ. ಮತ್ತೆ ಮುಂದಿನ ಪಟ್ಟಿ ಹೊಡೆಯುವಾಗ ಮೊಳೆಯನ್ನು ಮರದ ಕಪ್ಪು ಎಳೆಯ ಮೇಲೆಯೇ ಹೊಡೆಯಿರಿ. ತುಂಬಿದ್ದು ಅದರಲ್ಲೇ ಸೇರಿಹೋಗುತ್ತದೆ.

ಶಿರಸಿ ಹಿರಿಯರು

ಗೂಟದ ಚೌಕದ ಅಳತೆ ಎಷ್ಟಿದೆ ಮೇಷ್ಟ್ರೇ? ನಮ್ಮ ಮನೆಯದ್ದು ಒಂದೂವರೆ ಇಂಚು, ಒಳಗೆ ಹೋಗುತ್ತಾ ಸಣ್ಣ ಆಗುತ್ತದೆ.

ತೀರ್ಥಹಳ್ಳಿ ಮೇಷ್ಟ್ರು

ಇದು ಒಂದೂಕಾಲು ಇಂಚು ಇದೆ ಹಿರಿಯರೇ. ಬದಲಿಸಲು ತೆಗೆದವುಗಳಲ್ಲಿ ಒಂದನ್ನು ಇಟ್ಟುಕೊಂಡಿದ್ದೇನೆ, ಸುಮಾರು ನಾಲ್ಕು ಇಂಚು ಉದ್ದ, ಒಳಗೆ ಹೋಗುವ ತುದಿ ಸಣ್ಣ. ಅಣ್ಣ, ಫೋಟೋ ಸಂಜೆ ಹಾಕುತ್ತೇನೆ. ನಾಳೆ ಮಹಡಿಯ ಸ್ಕರ್ಟಿಂಗಿಗೆ ರೀಪರ್ ಬಿಗಿಯುವುದು. ಗಾಜಿನ ಬೀಡಿಂಗಿಗೆ ಪಿನ್ ಗನ್ ಕೊಳ್ಳುವುದಿಲ್ಲ, ಒಂದು ದಿನಕ್ಕೆ ಬಾಡಿಗೆಗೆ ತರುತ್ತೇನೆ. ಈ ಸಲ ಗನ್ ಮೇಲೆ ಏನು ಬರೆದಿದೆ ಅಂತ ಅಂಗಡಿಯಲ್ಲೇ ಓದಿ ತರುತ್ತೇನೆ.